ಮಳೆಗೆ ಮುಂಚೆ ಎಲ್ಲಿಗೆ ನಿಲ್ಲಿಸ್ಬೇಕು

ಕೊಡಗಲ್ಲಿ ಮನೆ ಕಟ್ಟಿಸೋರು ಯಾರೇ ಆಗ್ಲಿ, ಮೊದಲ್ನೇ ಸಲ ಜಾಗ ತೋರ್ಸೋಕೆ ಕರ್ಕೊಂಡು ಹೋದಾಗ ಕೇಳೋದು ಒಂದೇ ಮಾತು, "ಮಳೆಗೆ ಮುಂಚೆ ಮುಗಿಯುತ್ತಲ್ವಾ?" ಅಂತ. 12 ವರ್ಷದಿಂದ ಈ ಮಾತು ಕೇಳ್ತಾ ಇದೀನಿ. ಮೊದಮೊದಲು "ಹ್ಞೂ ಸರ್, ಮುಗ್ಸೋಣ" ಅಂದ್ಬಿಡ್ತಿದ್ದೆ. ಈಗ ಹೇಳಲ್ಲ. ಈಗ ನಾನೇ ತಿರುಗಿ ಕೇಳ್ತೀನಿ, ಮಳೆಗೆ ಮುಂಚೆ ಎಲ್ಲಿಗೆ ನಿಲ್ಸೋಣ ಹೇಳಿ ಅಂತ. ಕೆಲವ್ರಿಗೆ ಇದು ಸರಿ ಬರಲ್ಲ, ಇನ್ನೂ ಗುದ್ದಲಿ ಪೂಜೆನೇ ಆಗಿಲ್ಲ ಇವ್ನು ಆಗ್ಲೇ ನಿಲ್ಸೋ ಮಾತಾಡ್ತಾನೆ ಅಂತ ಮುಖ ಒಂಥರಾ ಮಾಡ್ಕೋತಾರೆ. ಆದ್ರೆ ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ತನಕ ಆಕಾಶ ನಮ್ದಲ್ಲ ಅನ್ನೋ ಊರಲ್ಲಿ ಕೆಲಸ ಮಾಡ್ಸೋನಿಗೆ, ಎಲ್ಲಿ ನಿಲ್ಲಿಸಿದ್ರೆ ಕಟ್ಟಿದ್ದು ನಾಲ್ಕು ತಿಂಗಳು ತಡ್ಕೊಳ್ಳುತ್ತೆ ಅನ್ನೋದು ಗೊತ್ತಿಲ್ದೆ ಇದ್ರೆ ಉಳಿದಿದ್ದೆಲ್ಲ ಗೊತ್ತಿದ್ದೂ ಪ್ರಯೋಜನ ಇಲ್ಲ ಅಂತ ನಂಗೆ ಪೂರ್ತಿ ನಂಬಿಕೆ ಬಂದಿದೆ.

ನಮ್ಮ ಸೋದರಮಾವ ಒಂದ್ಸಲ ಮದುವೆ ಮನೇಲಿ ಕೇಳಿದ್ರು, "ಪ್ಲಾನ್ ಹಾಕೋನು ಇಂಜಿನಿಯರ್, ಕಟ್ಟೋನು ಮೇಸ್ತ್ರಿ, ದುಡ್ಡು ಹಾಕೋನು ಓನರ್, ಮತ್ತೆ ನಿಂದೇನಪ್ಪಾ ಕೆಲಸ?" ಸರಿಯಾದ ಪ್ರಶ್ನೆನೇ. ಇವರೆಲ್ಲರ ಮಧ್ಯೆ ನಿಂತು ಸೈಟಲ್ಲಿ ಕೆಲಸ ಮಾಡ್ಸೋ ಜಾಗ ನಂದು. ಜಲ್ಲಿ ಲೋಡ್ ಬಂದಾಗ ಕಂಬಿ ಕಟ್ಟೋರು ಊರಿಗೆ ಹೋಗಿರ್ತಾರೆ, ಅವರು ವಾಪಸ್ ಬರೋ ಹೊತ್ತಿಗೆ ಸೆಂಟ್ರಿಂಗ್ ಶೀಟು ಇನ್ನೊಂದು ಸೈಟಲ್ಲಿ ಸಿಕ್ಕಾಕ್ಕೊಂಡಿರುತ್ತೆ, ಎಲ್ಲಾ ಕೂಡಿ ಬಂತು ಅನ್ನೋ ದಿನ ಮರ ಬಿದ್ದು ಕರೆಂಟ್ ಇರಲ್ಲ. ಬೆಳಿಗ್ಗೆ 6 ಗಂಟೆಗೆ ಶುರುವಾಗೋ ಫೋನು ರಾತ್ರಿ ಮೆಟೀರಿಯಲ್ ಲೆಕ್ಕ ಬರೆಯೋ ತನಕ ನಿಲ್ಲಲ್ಲ. ಇದು ಎಲ್ಲಾ ಕಡೆನೂ ಇದ್ದಿದ್ದೇ, ಬೆಂಗಳೂರಲ್ಲಿ ಇರೋ ನನ್ನ ಕ್ಲಾಸ್‌ಮೇಟ್ಸಿಗೂ ಇದೇ ಕತೆ. ಕೊಡಗಿನ ಕತೆ ಬೇರೆ ಆಗೋದು ಮೂರು ವಿಷಯದಲ್ಲಿ, ಕಾಫಿ, ಮಣ್ಣು, ನೀರು.

ಕಾಫಿಗೂ ಮನೆ ಕಟ್ಟೋಕೂ ಏನು ಸಂಬಂಧ ಅಂತ ಹೊರಗಿನೋರು ಕೇಳ್ತಾರೆ. ಇಲ್ಲಿ ದುಡ್ಡು ಕಾಫಿ ಗಿಡದಿಂದ ಬರುತ್ತೆ. ಅರೇಬಿಕಾ ನವೆಂಬರಿಂದ ಜನವರಿ ತನಕ ಕೊಯ್ಲು, ರೊಬಸ್ಟಾ ಜನವರಿ ಫೆಬ್ರವರಿ, ಕೆಲವು ಕಡೆ ಮಾರ್ಚ್ ತನಕನೂ ಹೋಗುತ್ತೆ. ಕೊಯ್ದು, ಒಣಗ್ಸಿ, ರೇಟ್ ನೋಡಿ ಮಾರೋ ತನಕ ಓನರ್ ಕೈಲಿ ಕಾಸಿರಲ್ಲ. ಹಾಗಾಗಿ ಕೆಲಸಕ್ಕೆ ಸೊಗಸಾದ ಬಿಸಿಲು ಇರೋ ಡಿಸೆಂಬರ್ ಜನವರಿಯಲ್ಲಿ ನಮ್ಗೆ ಅಡ್ವಾನ್ಸ್ ಬರಲ್ಲ. ಅದೇ ಟೈಮಲ್ಲಿ ಕಲ್ಲು ಮಣ್ಣು ಹೊರೋಕೆ ಬರ್ತಿದ್ದ, ತೋಟದ ಲೈನ್‌ಮನೇಲಿ ಇರೋ ಕೂಲಿ ಹೆಂಗಸರು ಒಬ್ರೂ ಸಿಗಲ್ಲ, ಯಾಕಂದ್ರೆ ಹಣ್ಣು ಕೊಯ್ಯೋಕೆ ಕೆಜಿ ಲೆಕ್ಕದಲ್ಲಿ ದುಡ್ಡು, ಚುರುಕಾಗಿ ಕೊಯ್ಯೋರಿಗೆ ನಾವು ಕೊಡೋ ದಿನಗೂಲಿಗಿಂತ ಜಾಸ್ತಿನೇ ಬೀಳುತ್ತೆ. ಅಸ್ಸಾಂ, ಬಂಗಾಳದಿಂದ ಬಂದ ಹುಡುಗ್ರೂ ಎಷ್ಟೋ ಜನ ತೋಟಕ್ಕೇ ಹೋಗ್ತಾರೆ. ನಾನು ಅವರನ್ನ ಯಾವತ್ತೂ ಬೈದಿಲ್ಲ, ಎರಡು ತಿಂಗಳು ಕೈತುಂಬ ಸಿಗುತ್ತೆ ಅಂದ್ರೆ ಯಾರು ಬಿಡ್ತಾರೆ. ದುಡ್ಡೂ ಜನಾನೂ ಒಟ್ಟಿಗೆ ಸಿಗೋ ಹೊತ್ತಿಗೆ ಮಾರ್ಚ್ ಬಂದಿರುತ್ತೆ, ಅಲ್ಲಿಂದ ಮೇ ಕೊನೆಗೆ 90 ದಿನ. ವರ್ಷಕ್ಕೆ 365 ದಿನ ಅಂತ ನಂಬ್ಕೊಂಡು ಶೆಡ್ಯೂಲ್ ಹಾಕೋರು ಇಲ್ಲಿಗೆ ಬಂದು ಈ 90 ದಿನಕ್ಕೆ ಸೋತು ಹೋಗಿರೋದನ್ನ ನೋಡಿದೀನಿ.

ಆ 90 ದಿನದಲ್ಲೂ ಒಂದು ಜಗ್ಗಾಟ ಇದೆ. ಫೆಬ್ರವರಿ ಮಾರ್ಚಲ್ಲಿ ತೋಟದೋರು ಹೂ ಮಳೆಗೆ ಆಕಾಶ ನೋಡ್ತಾ ಇರ್ತಾರೆ, ಮಳೆ ಬಂದ್ರೆ ಒಂದು ವಾರ ಹತ್ತು ದಿನಕ್ಕೆ ತೋಟವೆಲ್ಲ ಮಲ್ಲಿಗೆ ಥರ ಬಿಳಿ ಆಗುತ್ತೆ, ಬರ್ದಿದ್ರೆ ರೊಬಸ್ಟಾಗೆ ಕೆರೆಯಿಂದ ಪಂಪ್ ಹಾಕಿ ಸ್ಪ್ರಿಂಕ್ಲರ್ ಹೊಡೀತಾರೆ. ನಮ್ಮ ಕ್ಯೂರಿಂಗಿಗೂ ಅದೇ ಕೆರೆ ನೀರು. ಈಗ ಹೆಚ್ಚಿನ ಕಡೆ ಬಳಸೋದು ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟು, ಅದಕ್ಕೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕನಿಷ್ಠ 10 ದಿನ ಕಾಂಕ್ರೀಟನ್ನ ಒದ್ದೆಯಾಗಿ ಇಡ್ಬೇಕು. ಒಂದ್ಸಲ ಸಿದ್ದಾಪುರದ ಹತ್ರ ಒಂದು ಸೈಟಲ್ಲಿ ಕಾಲಂ ಹಾಕಿ ಮೂರನೇ ದಿನಕ್ಕೆ ಕೆರೆ ತಳ ಕಾಣಿಸ್ತು. ಓನರ್ ಹಿರಿಯರು, ನಾನು ಅಂಕಲ್ ಅಂತ ಕರೀತಿದ್ದೆ. "ನೋಡಪ್ಪಾ, ಹೂ ಹೋದ್ರೆ ಒಂದು ವರ್ಷದ ಅನ್ನ ಹೋಗುತ್ತೆ, ನಿನ್ನ ಕಂಬಕ್ಕೆ ಏನಾಗುತ್ತೆ?" ಅಂದ್ರು. ಏನಾಗುತ್ತೆ ಅಂತ ನಾನು ವಿವರಿಸ್ದೆ, ಮೇಲೆ ಗಟ್ಟಿ ಆದಂಗೆ ಕಾಣುತ್ತೆ ಅಂಕಲ್, ಆದ್ರೆ ಸಿಮೆಂಟ್ ನೀರು ಕುಡಿದೇ ಗಟ್ಟಿ ಆಗೋದು, ಅರ್ಧಕ್ಕೆ ನೀರು ನಿಲ್ಸಿದ್ರೆ ಶಕ್ತಿನೂ ಅರ್ಧಕ್ಕೇ ನಿಲ್ಲುತ್ತೆ ಅಂತ. ಕೊನೆಗೆ ಇಬ್ರೂ ಒಂದು ಒಪ್ಪಂದಕ್ಕೆ ಬಂದ್ವಿ, ಕಾಲಂಗೆಲ್ಲ ಗೋಣಿತಾಟು ಸುತ್ತಿ ದಿನಕ್ಕೆ ಮೂರು ಸಲ ಕೊಡದಲ್ಲಿ ನೀರು, ಪಂಪಿನ ನೀರೆಲ್ಲ ತೋಟಕ್ಕೆ. ಆ ಕೊಡ ಹೊತ್ತಿದ್ದು ಅವರ ಸೊಸೆ ಮತ್ತೆ ನಮ್ಮ ಹೆಲ್ಪರ್ ಹುಡುಗ. 10 ದಿನ ಒಂದು ಹೊತ್ತೂ ತಪ್ಪಿಸ್ಲಿಲ್ಲ. ಆ ಮನೆ ಮುಂದೆ ಹೋಗುವಾಗ ಇವತ್ತಿಗೂ ನಂಗೆ ಆ ಕೊಡಗಳೇ ನೆನಪಾಗೋದು.

ಎಲ್ಲಿ ನಿಲ್ಲಿಸ್ಬೇಕು ಅನ್ನೋದಕ್ಕೆ ಬರ್ತೀನಿ. ಪಾಯಕ್ಕೆ ಗುಂಡಿ ತೆಗೆದು ಹಾಗೇ ಮಳೆಗೆ ಬಿಟ್ರೆ ನೀರು ನಿಂತು ತಳದ ಮಣ್ಣು ಕೆಸರಾಗುತ್ತೆ, ಸೆಪ್ಟೆಂಬರಲ್ಲಿ ಅಷ್ಟನ್ನೂ ಕೆರೆದು ತೆಗೆದು ಮತ್ತೆ ಬೆಡ್ ಹಾಕ್ಬೇಕು. ಪ್ಲಿಂತ್, ಅಂದ್ರೆ ಮನೆ ನೆಲದ ಮಟ್ಟದ ತನಕ ತಂದು, ಒಳಗೆ ಮಣ್ಣು ತುಂಬಿ ದಮ್ಮಸ್ಸು ಮಾಡಿ ನಿಲ್ಲಿಸಿದ್ರೆ ನೆಮ್ಮದಿ, ಮಳೇಲಿ ಇನ್ನೂ ಚೆನ್ನಾಗಿ ಕೂರುತ್ತೆ. ಮುರಕಲ್ಲಿನ, ಅಂದ್ರೆ ಜಂಬಿಟ್ಟಿಗೆ ಕಲ್ಲಿನ ಗೋಡೆನ ಅರ್ಧಕ್ಕೆ ಬಿಟ್ರೆ ತಲೆ ಮೇಲಿಂದ ನೀರು ಕುಡಿದು ಕುಡಿದು ಕಲ್ಲು ಜನವರಿ ತನಕ ಆರಲ್ಲ. ಸ್ಲ್ಯಾಬ್ ಬಿದ್ದಿದ್ರೆ ಒಳಗೆ ಕರೆಂಟ್ ಪೈಪಿಗೆ ಗೋಡೆ ಕೊರೆಯೋದು, ಒರಟು ಗಾರೆ, ಇವೆಲ್ಲ ಮಳೇಲಿ ನಡೆಯುತ್ತೆ, ಆದ್ರೆ ಜುಲೈಯಲ್ಲಿ ಪುಟ್ಟಿ ಹಚ್ಚಿ ಪೇಂಟ್ ಹೊಡೆಸಿದ್ರೆ ಆಗಸ್ಟಲ್ಲಿ ಗೋಡೆ ತುಂಬ ಕಪ್ಪು ಬೂಷ್ಟು. ಮುಂದಿನ ವರ್ಷಕ್ಕೆ ಅಂತ ಬಿಟ್ಟ ಕಾಲಂ ಕಂಬಿಗೆ ಸಿಮೆಂಟ್ ಹಾಲು ಬಳಿದು ಪ್ಲಾಸ್ಟಿಕ್ ಸುತ್ತಬೇಕು. ಇದೆಲ್ಲ ಯಾವ ಕಾಲೇಜಲ್ಲೂ ನಂಗೆ ಹೇಳ್ಕೊಟ್ಟಿದ್ದಲ್ಲ, ಒಂದೊಂದೂ ಯಾವ್ದೋ ಒಂದು ಸೈಟಲ್ಲಿ ನಷ್ಟ ಆದ್ಮೇಲೆ ಕಲ್ತಿದ್ದು.

ಇನ್ನು ಸ್ಲ್ಯಾಬ್ ದಿನ. ನಮ್ಮ ಒಳಗಿನ ರಸ್ತೆಗಳಿಗೆ ರೆಡಿಮಿಕ್ಸ್ ಲಾರಿ ಬಹಳ ಕಡೆ ಹತ್ತಲ್ಲ, ತಿರುವಲ್ಲೇ ಸಿಕ್ಕಿಕೊಳ್ಳುತ್ತೆ, ಹಾಗಾಗಿ ಸೈಟಲ್ಲೇ ಲಿಫ್ಟ್ ಮಿಕ್ಸರ್ ಇಟ್ಟು ಮಾಡ್ಬೇಕು. 1,600 ಚದರ ಅಡಿ ಸ್ಲ್ಯಾಬು, ಬೀಮ್ ಎಲ್ಲ ಸೇರಿ ಹತ್ತತ್ರ 25 ಕ್ಯೂಬಿಕ್ ಮೀಟರ್ ಕಾಂಕ್ರೀಟು, 200 ಮೂಟೆ ಸಿಮೆಂಟು, ಅಂದ್ರೆ ಆ ಡ್ರಮ್ಮು 200 ಸಲ ತಿರುಗ್ಬೇಕು. ಬೆಳಿಗ್ಗೆ 7ಕ್ಕೆ ಶುರು ಮಾಡಿದ್ರೆ ಏನೂ ತೊಂದ್ರೆ ಇಲ್ದೆ ಹೋದ್ರೆ ಸಂಜೆ 4ಕ್ಕೆ ಮುಗೀಬೇಕು. ಮೂರು ವರ್ಷದ ಹಿಂದೆ ಮೇ 25ನೇ ತಾರೀಕು, ಗಾಳಿಬೀಡು ಕಡೆ ಒಂದು ಮನೆ. ಬೆಳಿಗ್ಗೆ ಎಳೆ ಬಿಸಿಲು. ಮಧ್ಯಾಹ್ನ 1 ಗಂಟೆಗೆ ಪಶ್ಚಿಮಕ್ಕೆ ಬೆಟ್ಟದ ಹಿಂದೆ ಒಂದು ನೀಲಿ ಕಪ್ಪು ಎದ್ದಿತು, ತಣ್ಣನೆ ಗಾಳಿ ಬಂತು, ಎಲೆ ಎಲ್ಲ ಬೆನ್ನು ತೋರಿಸ್ತಾ ತಿರುಗ್ತಾ ಇತ್ತು. ಇನ್ನೂ ಮೂರನೇ ಒಂದು ಭಾಗ ಬಾಕಿ. ಕುಶಾಲನಗರದಲ್ಲಿ ಇರೋ ನಮ್ಮನೆಗೆ ಫೋನ್ ಮಾಡಿದ್ರೆ ಅಲ್ಲಿ ಬಟ್ಟೆ ಒಣಗೋ ಬಿಸಿಲು! 30 ಕಿಲೋಮೀಟರ್ ಅಂತರಕ್ಕೆ ಇಲ್ಲಿ ಆಕಾಶನೇ ಬೇರೆ, ಫೋನಲ್ಲಿ ನೋಡೋ ಹವಾಮಾನ ನಂಬ್ಕೊಂಡು ಮಡಿಕೇರಿ ಕಡೆ ಸ್ಲ್ಯಾಬ್ ಹಾಕೋ ಹಾಗಿಲ್ಲ.

ಓನರ್ ಅಂತಾರೆ, "ಹೆಂಗಾದ್ರೂ ಮಾಡಿ ಇವತ್ತೇ ಮುಗ್ಸಿ, ಒಂದೇ ದಿನ ಆಗ್ಬೇಕು, ಇಲ್ದಿದ್ರೆ ಲೀಕ್ ಆಗುತ್ತೆ." ಜನರೂ ಓಡೋಕೆ ರೆಡಿ. ಮೇಸ್ತ್ರಿ ಮಾತ್ರ ನನ್ನ ಮುಖ ನೋಡ್ತಾ ನಿಂತಿದ್ರು. ಸೇಲಂ ಕಡೆಯೋರು, ನನ್ನ ಅಪ್ಪನ ವಯಸ್ಸು, ಕೊಡಗಲ್ಲೇ 30 ವರ್ಷದಿಂದ ಇದಾರೆ. "ಸಾರ್, ಓಡಿದ್ರೆ ನೀರ್ ಜಾಸ್ತಿ ಹಾಕ್ತಾರೆ" ಅಂದ್ರು, ಅಷ್ಟೇ. ಅದು ನಿಜ. ಅವಸರ ಆದಾಗ ಕಾಂಕ್ರೀಟ್ ಬೇಗ ಹರೀಲಿ ಅಂತ ಮಿಕ್ಸರ್ ಹತ್ರ ಇರೋ ಹುಡುಗ ಒಂದು ಬಕೆಟ್ ಜಾಸ್ತಿ ಸುರೀತಾನೆ, ಯಾರಿಗೂ ಗೊತ್ತಾಗಲ್ಲ, ಆ ಬಕೆಟಿಂದ ಸ್ಲ್ಯಾಬಿಗೆ ಆಗೋ ಕೇಡು ಒಂದು ಒಳ್ಳೆ ಜಾಯಿಂಟಿಂದ ಯಾವತ್ತೂ ಆಗಲ್ಲ. ನಿಲ್ಸಿ ಅಂದೆ. ಆದ್ರೆ ಸಿಕ್ಕ ಸಿಕ್ಕ ಕಡೆ ಅಲ್ಲ. ಬೀಮ್ ಗೋಡೆ ಮೇಲೆ ಕೂರೋ ಹತ್ರ ನಿಲ್ಲಿಸೋ ಹಾಗಿಲ್ಲ, ಅಲ್ಲಿ ಕತ್ತರಿಸೋ ಹಾಗೆ ಬರೋ ಭಾರ ಜಾಸ್ತಿ, ಎರಡು ಆಧಾರದ ಅಂತರನ ಮೂರು ಪಾಲು ಮಾಡಿ ಅದರ ಮಧ್ಯದ ಪಾಲಲ್ಲಿ ನಿಲ್ಲಿಸ್ಬೇಕು. ಡ್ರಾಯಿಂಗ್ ಬಿಚ್ಚಿ, ಟೇಪ್ ಹಿಡಿದು, ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಆ ಗೆರೆಗೆ ಹಲಗೆ ನಿಲ್ಸಿ, ಅಲ್ಲಿ ತನಕ 40 ನಿಮಿಷ ಸಮಾಧಾನವಾಗಿ ಕಾಂಕ್ರೀಟ್ ತುಂಬಿ ವೈಬ್ರೇಟರ್ ಹಿಡಿದು ಟಾರ್ಪಾಲು ಹೊದಿಸೋ ಹೊತ್ತಿಗೆ ಮೊದಲ ಹನಿ ಬಿತ್ತು, ಒಂದೊಂದು ಹನಿ ಐದು ರೂಪಾಯಿ ಕಾಯಿನ್ ಅಷ್ಟು. ಮಾರನೇ ದಿನ ಆ ಅಂಚನ್ನ ಚಾಣ ಹಿಡಿದು ಒರಟು ಮಾಡಿ, ತೊಳೆದು, ಸಿಮೆಂಟ್ ಹಾಲು ಹಚ್ಚಿ, ಮಿಕ್ಕಿದ್ದು ಹಾಕಿದ್ವಿ. ಮಳೆ ಬಿದ್ದ ಮರಳಲ್ಲಿ ಆಗ್ಲೇ ನೀರಿರುತ್ತೆ ಅಂತ ಆವತ್ತು ಮಿಕ್ಸರ್ ಹತ್ರ ನಾನೇ ನಿಂತು ನೀರು ಅಳೆದು ಕೊಟ್ಟೆ. ಎರಡೂ ದಿನದ ಕಾಂಕ್ರೀಟಲ್ಲಿ ಶಕ್ತಿ ಪರೀಕ್ಷೆಗೆ ಅಂತ ಬೇರೆ ಬೇರೆ ಕ್ಯೂಬ್ ತುಂಬ್ಸಿದ್ವಿ, 28 ದಿನದ ರಿಸಲ್ಟ್ ಬರೋ ಹೊತ್ತಿಗೆ ಜೂನ್ 22 ದಾಟಿತ್ತು, ಆಗ ಹೊರಗೆ ಜಡಿಮಳೆ, ಎರಡೂ ಪಾಸ್ ಅಂತ ಓದಿದಾಗ ಮೇಸ್ತ್ರಿಗೆ ಫೋನ್ ಮಾಡಿ ಹೇಳ್ದೆ. ಆ ಜಾಯಿಂಟಿಂದ ಇವತ್ತಿನ ತನಕ ಒಂದು ತೊಟ್ಟು ನೀರು ಇಳಿದಿಲ್ಲ.

ಇಷ್ಟು ಹೇಳಿದ ಮೇಲೆ ನಿಲ್ಲಿಸೋಕೆ ಆಗ್ದೇ ಇದ್ದ ಒಂದು ದಿನದ ಬಗ್ಗೆನೂ ಹೇಳ್ಬೇಕು.

2018ರ ಆಗಸ್ಟ್ ಇಲ್ಲಿ ಯಾರೂ ಮರೆಯೋಕಾಗಲ್ಲ. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲ, ಒಂದರ ಹಿಂದೆ ಒಂದು ಗುಡ್ಡ ಕೂತು ಹೋಯ್ತು, ಮಡಿಕೇರಿಯಿಂದ ಸಂಪಾಜೆಗೆ ಇಳಿಯೋ ರಸ್ತೆ ಎಷ್ಟೋ ಕಡೆ ಇಲ್ಲವೇ ಇಲ್ಲ ಅನ್ನೋ ಹಾಗೆ ಆಯ್ತು. ಆಮೇಲೆ ಮನೆ ಕಳ್ಕೊಂಡೋರಿಗೆ ಜಂಬೂರು, ಕರ್ಣಂಗೇರಿ, ಮದೆನಾಡು ಕಡೆಯೆಲ್ಲ ಹೊಸ ಮನೆ ಸಾಲುಗಳು ಎದ್ವು. ನಾನು ಆಗ ಕೆಲಸಕ್ಕೆ ಸೇರಿ ಐದು ವರ್ಷ. ಆ ಜರಿದ ಗುಡ್ಡಗಳ ಮುಂದೆ ನಿಂತು ನೋಡಿದಾಗ ಒಂದು ವಿಷಯ ಕಣ್ಣಿಗೆ ಹೊಡೀತಿತ್ತು, ನಮ್ಮಲ್ಲಿ ಬಂಡೆ ತುಂಬ ಕೆಳಗಿದೆ, ಅದರ ಮೇಲೆ ಹತ್ತಾರು ಅಡಿ ಬರೀ ಕೊಳೆತು ಮಣ್ಣಾದ ಕಲ್ಲು, ಒಣಗಿದಾಗ ಜೆಸಿಬಿ ಬಕೆಟಿಗೆ ಗೋಡೆ ಥರ ನೇರಕ್ಕೆ ನಿಲ್ಲುತ್ತೆ, ನೀರು ಕುಡಿದ್ರೆ ಅಂಬಲಿ. ಮಳೆ ಯಾವತ್ತೂ ಇತ್ತು, ಆದ್ರೆ ರಸ್ತೆಗೆ, ಮನೆಗೆ, ಹೋಂಸ್ಟೇಗೆ ಅಂತ ಗುಡ್ಡದ ಕಾಲು ಕಡಿದಿದ್ದು ನಾವು. ಹಳೇ ಐನ್‌ಮನೆಗಳನ್ನ, ಅಂದ್ರೆ ಕೊಡಗಿನ ಕುಟುಂಬಗಳ ಮೂಲಮನೆಗಳನ್ನ ಹೋಗಿ ನೋಡಿ, ಗದ್ದೆ ಮೇಲಿನ ಗಟ್ಟಿ ಏರಿ ಹುಡುಕಿ, ಎತ್ತರಕ್ಕೆ ಜಗಲಿ ಕಟ್ಟಿ ಕೂರ್ಸಿರ್ತಾರೆ, ಸುತ್ತ ನೀರು ಹೋಗೋ ದಾರಿ ಬಿಟ್ಟಿರ್ತಾರೆ.

ಇದೆಲ್ಲ ಗೊತ್ತಿದ್ದೂ ನಾನು ತಪ್ಪು ಮಾಡ್ದೆ. ಅದಾಗಿ ಎರಡು ವರ್ಷ ಆದ್ಮೇಲೆ, ಮಾದಾಪುರದ ಕಡೆ ಒಂದು ಮನೆ, ಹಿಂದೆ 60 ಅಡಿ ಉದ್ದ 10 ಅಡಿ ಎತ್ತರದ ಸೈಜ್ ಕಲ್ಲಿನ ತಡೆಗೋಡೆ. ಗೋಡೆ ಕಟ್ಟಿ ಆಗಿತ್ತು, ಹಿಂದುಗಡೆ ತುಂಬೋದು ಬಾಕಿ. ಗೋಡೆ ಬೆನ್ನಿಗೆ ಎರಡು ಅಡಿ ದಪ್ಪಕ್ಕೆ ಬೋಳುಕಲ್ಲು, ಜಲ್ಲಿ ಹಾಕಿ, ಆಮೇಲೆ ಮಣ್ಣು ತುಂಬ್ಬೇಕು, ಆಗ ಗುಡ್ಡದ ನೀರು ಕಲ್ಲಿನ ಸಂದಿಲಿ ಇಳಿದು, ಗೋಡೇಲಿ ಬಿಟ್ಟಿರೋ ಪೈಪಿಂದ ಆಚೆ ಬರುತ್ತೆ. ಮೇ 29. ಕಲ್ಲಿನ ಲಾರಿ ಬಂದಿಲ್ಲ. ಜೆಸಿಬಿ ಬಂದು ನಿಂತಿದೆ, ಗಂಟೆ ಬಾಡಿಗೆ ಓಡ್ತಾ ಇದೆ, ಮಾರನೇ ದಿನ ಅದು ಬೇರೆ ಕಡೆ ಹೋಗ್ಬೇಕು, ಆಕಾಶ ಕಪ್ಪಾಗಿದೆ. ನಾನು ವಿರಾಜಪೇಟೆಯ ಇನ್ನೊಂದು ಸೈಟಲ್ಲಿದ್ದೆ. ಫೋನ್ ಬಂತು, "ಸಾರ್, ಮಣ್ಣು ತಳ್ಬಿಡ್ಲಾ?" ಹಿಂದೆ ತೋಡಿದ ಗುಡ್ಡ ಹಾಗೇ ತೆರೆದು ಮಳೆಗೆ ಬಿಡೋಕೂ ಭಯ. "ತಳ್ಬಿಡಿ" ಅಂದೆ. ಆ ಒಂದು ಪದಕ್ಕೆ ನಾನು ತಗೊಂಡಿದ್ದು ಎರಡು ಸೆಕೆಂಡು.

ಜುಲೈ ಕೊನೆಗೆ ಓನರ್ ಮಗಳು ಒಂದು ಫೋಟೋ ಕಳ್ಸಿದ್ರು, "ಅಣ್ಣ, ಈ ಗೋಡೆ ಮೊದಲಿಂದನೂ ಹಿಂಗೇ ಇತ್ತಾ?" ಅಂತ. ಆ ಫೋಟೋ ನೋಡಿ ಕೈ ತಣ್ಣಗಾಯ್ತು. ಹೋದೆ. ಮೇಲಿಂದ ತೂಗುಗುಂಡು ಬಿಟ್ಟು ನೋಡಿದ್ರೆ ಮಧ್ಯದಲ್ಲಿ ಎರಡು ಇಂಚು ಹೊಟ್ಟೆ ಬಂದಿದೆ. ಪೈಪುಗಳಲ್ಲಿ ಒಂದರಿಂದಲೂ ನೀರಿಲ್ಲ, ಅಷ್ಟು ಮಳೇಲಿ! ಒಂದು ಪೈಪಿಗೆ 8 ಎಂಎಂ ಕಂಬಿ ಹಾಕಿ ತಿವಿದೆ, ಮೊದಲು ಏನೂ ಇಲ್ಲ, ಒಂದೂವರೆ ಅಡಿ ಹೋದ್ಮೇಲೆ ಏನೋ ಬಿಟ್ಕೊಂಡಂಗೆ ಆಯ್ತು, ಕೆಂಪು ಕೆಸರು ಪಿಚಕ್ಕನೆ ಎದೆ ಮೇಲೆ ಹಾರ್ತು, ಹಿಂದೆನೇ ಟೀ ಬಣ್ಣದ ನೀರು, ಸುರೀತಾನೇ ಇತ್ತು. ಅಷ್ಟು ದಿನ ಆ ನೀರೆಲ್ಲ ಗೋಡೆ ಬೆನ್ನಿಗೆ ಒತ್ಕೊಂಡು ನಿಂತಿತ್ತು. ಗೋಡೆ ಕೆಳಗೆ ಶೆಡ್ಡಲ್ಲಿ ಕಾವಲಿನೋನ ಸಂಸಾರ ಇತ್ತು, ಗಂಡ ಹೆಂಡ್ತಿ, ಎರಡು ಮಕ್ಕಳು. ಆವತ್ತು ಸಂಜೆನೇ ಅವರನ್ನ ಓನರ್ ಮನೆ ಕಾರ್ ಶೆಡ್ಡಿಗೆ ಸೇರಿಸಿದ್ವಿ. ಆ ಚಿಕ್ಕ ಹುಡುಗಿ ಒಂದು ಕೋಳಿಮರಿನ ಎದೆಗೆ ಅವುಚ್ಕೊಂಡು ಮಳೇಲಿ ನಡ್ಕೊಂಡು ಹೋಗಿದ್ದು ನಂಗೆ ಇನ್ನೂ ಕಣ್ಣಲ್ಲಿದೆ. ಮೇಲೆಲ್ಲ ಟಾರ್ಪಾಲು ಹೊದಿಸಿ, ಗೋಡೆ ತಲೆ ಮೇಲಿನ ತೋಟದಲ್ಲಿ ಮಳೆ ನೀರು ಇಂಗ್ಲಿ ಅಂತ ತೋಡಿದ್ದ ತೊಟ್ಟಿಲು ಗುಂಡಿಗಳನ್ನ ಮುಚ್ಚಿಸಿ, ನೀರು ಪಕ್ಕಕ್ಕೆ ಹೋಗೋಕೆ ಚರಂಡಿ ತೆಗೆದು, ದಿನಾ ತೂಗುಗುಂಡು ಬಿಟ್ಟು ಅಳೆದು ಬರೆದಿಟ್ಕೊಂಡೆ. ಗೋಡೆ ಬೀಳ್ಲಿಲ್ಲ. ಅಕ್ಟೋಬರಲ್ಲಿ ಕಾವೇರಿ ಸಂಕ್ರಮಣ ಕಳೆದ ಮೇಲೆ 20 ಅಡಿ ಬಿಚ್ಚಿ, ಹಿಂದಿನ ಮಣ್ಣೆಲ್ಲ ತೆಗೆದು, ಕಲ್ಲು ತುಂಬಿಸಿ ಮತ್ತೆ ಕಟ್ಟಿದ್ವಿ, ಆ ಖರ್ಚು ನಮ್ಮದೇ. ಖರ್ಚಿನ ಬೇಜಾರು ಹೋಯ್ತು, ಶೆಡ್ಡಿನ ನೆನಪು ಹೋಗಿಲ್ಲ. ಆ ಮಣ್ಣು ತಳ್ಳೋಕೆ ಹೇಳಿದ್ದು ಜೆಸಿಬಿ ಡ್ರೈವರ್ ಅಲ್ಲ, ಲಾರಿ ತಡ ಮಾಡಿದೋರೂ ಅಲ್ಲ, ನಾನು.

ಅದಾದ ಮೇಲೆ ನಂದು ಒಂದು ರೂಲ್ ಇದೆ, ತಡೆಗೋಡೆ ಹಿಂದೆ ತುಂಬೋ ದಿನ ನಾನು ಅಲ್ಲೇ ನಿಂತಿರ್ಬೇಕು, ಇಲ್ದಿದ್ರೆ ತುಂಬೋ ಹಾಗಿಲ್ಲ. ಮತ್ತೆ ಏಪ್ರಿಲ್ 15 ಆದ್ಮೇಲೆ ಹೊಸದಾಗಿ ಗುಡ್ಡ ಕಡಿಯೋಕೆ ನಾನು ಜೆಸಿಬಿ ಕರೆಸಲ್ಲ, ಎಷ್ಟೇ ದೊಡ್ಡ ಕೆಲಸ ಆಗ್ಲಿ. ಕಡಿದ್ರೆ ಅದೇ ಸೀಸನ್‌ನಲ್ಲಿ ಗೋಡೆ ಎದ್ದು ಬೆನ್ನು ತುಂಬಿ ಚರಂಡಿ ಆಗ್ಬೇಕು, ಅದಕ್ಕೆ ದಿನ ಸಾಲಲ್ಲ ಅಂದ್ರೆ ಗುಡ್ಡ ತಾನಿರೋ ಹಾಗೇ ಇರ್ಲಿ. 2024ರಲ್ಲಿ ರೊಬಸ್ಟಾ ರೇಟ್ ಯಾವತ್ತೂ ಕಾಣದಷ್ಟು ಏರಿದ ಮೇಲೆ ಎಲ್ಲರಿಗೂ ಮನೆ ಕಟ್ಟೋ ಹುಮ್ಮಸ್ಸು ಬಂತು, ಅದು ಖುಷಿ ವಿಷಯನೇ, ಎಷ್ಟೋ ವರ್ಷ ಕಷ್ಟಪಟ್ಟಿದಾರೆ. ಆದ್ರೆ ದುಡ್ಡು ಕೈಗೆ ಬಂದ ತಕ್ಷಣ ಏಪ್ರಿಲ್ ಕೊನೆಗೆ ಜಾಗ ಮಟ್ಟ ಮಾಡ್ಕೊಡಿ ಅಂತ ಬಂದೋರನ್ನ ನಾನು ವಾಪಸ್ ಕಳ್ಸಿದೀನಿ, ಅಕ್ಟೋಬರಲ್ಲಿ ಬನ್ನಿ ಅಂದಿದೀನಿ. ಕೆಲವ್ರು ಬಂದ್ರು. ಕೆಲವ್ರು ಬೇರೆಯೋರ ಹತ್ರ ಮಾಡಿಸ್ಕೊಂಡ್ರು, ಆ ಜಾಗಗಳ ಮುಂದೆ ಮಳೇಲಿ ಹೋಗುವಾಗ ಗಾಡಿ ನಿಧಾನ ಮಾಡಿ ಒಂದ್ಸಲ ಮೇಲಕ್ಕೆ ನೋಡ್ತೀನಿ.

ಹೋದ ವರ್ಷ ಆ ಸಿದ್ದಾಪುರದ ಅಂಕಲ್ ಫೋನ್ ಮಾಡಿ ತಮ್ಮ ಬಾವನ ಮನೆ ಕೆಲಸ ಇದೆ ಅಂದ್ರು, ಮಡಿಕೇರಿ ಹತ್ರ, ಇಳಿಜಾರು ಜಾಗ. ಬಾವನೋರು ಎಂದಿನ ಹಾಗೆ ಕೇಳಿದ್ರು, ಮಳೆಗೆ ಮುಂಚೆ ಮುಗಿಯುತ್ತಾ ಅಂತ. ನಾನು ಬಾಯಿ ತೆಗೆಯೋಕೆ ಮುಂಚೆ ಅಂಕಲ್ಲೇ ಹೇಳಿದ್ರು, "ಮುಗಿಯೋದು ಕೇಳ್ಬೇಡ, ಎಲ್ಲಿಗೆ ನಿಲ್ಲಿಸ್ತಾರೆ ಕೇಳು." ಈ ವರ್ಷ ತಡೆಗೋಡೆ, ಅದರ ಚರಂಡಿ, ಪ್ಲಿಂತ್, ಅಷ್ಟಕ್ಕೇ ನಿಲ್ಲಿಸಿದ್ವಿ. ಮೇ 18ಕ್ಕೆ ಜನ ಎಲ್ಲ ಊರಿಗೆ ಹೋದ್ರು. ಜುಲೈಯಲ್ಲಿ ಮೂರು ದಿನ ಬಿಡದೆ ಹೊಯ್ದಾಗ ನಾಲ್ಕನೇ ದಿನ ಬೆಳಿಗ್ಗೆ ಕೊಡೆ ಹಿಡ್ಕೊಂಡು ಒಬ್ಬನೇ ಹೋದೆ. ಪ್ಲಿಂತ್ ಮೇಲೆ ಹುಲ್ಲು ಬಂದಿತ್ತು. ಗೋಡೆಯ ಅಷ್ಟೂ ಪೈಪಲ್ಲಿ ನೀರು ಬೀಳ್ತಾ ಇತ್ತು. ಒಂದರ ಕೆಳಗೆ ಅಂಗೈ ಒಡ್ಡಿ ನೋಡ್ದೆ, ಮಣ್ಣಿನ ಬಣ್ಣ ಒಂಚೂರೂ ಇಲ್ಲ, ಕೈ ರೇಖೆ ಎಲ್ಲ ಕಾಣೋ ಹಾಗೆ ತಿಳಿಯಾಗಿತ್ತು.